ಜ್ವಾಲಾಮುಖಿ ಪಕ್ಕ ಇರೋಕೆ ಅವರಿಗೆ ಹೆದರಿಕೆ ಆಗಲ್ವಾ?

ಹಡಗಿನ ನೌಕರಿ ಬಿಟ್ಟು ಕಾರವಾರಕ್ಕೆ ಮರಳಿದ ಮೇಲೆ, ಬೈತಖೋಲ್‌ನಲ್ಲಿ ಯಾರು ಸಿಕ್ಕರೂ ಇದೇ ಪ್ರಶ್ನೆ. ‘ಕಾಕಾ, ಆ ಅಝೋರ್ಸ್ ದ್ವೀಪದ ಜನ ಬೆಂಕಿ ಬೆಟ್ಟದ ಬುಡದಲ್ಲಿ ಹೇಗೆ ನಿದ್ದೆ ಮಾಡ್ತಾರೆ?’

ಚೆನ್ನಾಗಿಯೇ ಮಾಡುತ್ತಾರೆ. ಬೆಳಿಗ್ಗೆ ಬೇಗ ಎದ್ದು ಹಸುವಿನ ಹಾಲು ಕರೆಯಬೇಕಲ್ಲ!

ಅಟ್ಲಾಂಟಿಕ್ ನಡುವೆ, ಲಿಸ್ಬನ್‌ನಿಂದ ಸುಮಾರು 1,500 ಕಿಲೋಮೀಟರ್ ದೂರದಲ್ಲಿ ಪೋರ್ಚುಗಲ್‌ಗೆ ಸೇರಿದ ಒಂಬತ್ತು ದ್ವೀಪಗಳಿವೆ. ಭೂಮಿಯ ಹೊರಚಿಪ್ಪಿನ ಮೂರು ದೊಡ್ಡ ಫಲಕಗಳು (ಪ್ಲೇಟ್) ಸೇರುವ ಜಾಗ ಅದು. ಕಡಲ ತಳದಿಂದ ಉಕ್ಕಿದ ಲಾವಾ ಆರಿ ಆದ ನೆಲ. ನಮ್ಮ ಹಡಗು ನಿಂತದ್ದು ಫಯಾಲ್ ದ್ವೀಪದ ಓರ್ಟಾ ಬಂದರಿನಲ್ಲಿ. ಎದುರಿಗೇ ಪಿಕೊ ಬೆಟ್ಟ, 2,351 ಮೀಟರ್. ಮೋಡ ಸರಿದರೆ ಮಾತ್ರ ತಲೆ ಕಾಣುತ್ತದೆ.

ಆ ಬೆಟ್ಟ ಇರುವ ಪಿಕೊ ದ್ವೀಪದಲ್ಲಿ ಮಣ್ಣಿಗಿಂತ ಕಲ್ಲೇ ಜಾಸ್ತಿ. ನಮ್ಮಲ್ಲಿ ಚಿರೆಕಲ್ಲಿನ ಪಾಗಾರ ಇದ್ದ ಹಾಗೆ ಅಲ್ಲಿ ಕರಿ ಲಾವಾ ಕಲ್ಲಿನ ಪಾಗಾರ, ಒಳಗೆ ನಾಲ್ಕಾರು ದ್ರಾಕ್ಷಿ ಬಳ್ಳಿ. ಉಪ್ಪುಗಾಳಿಗೆ ತಡೆ. ಹಗಲಿನ ಬಿಸಿಲನ್ನು ಕಲ್ಲು ಹಿಡಿದಿಟ್ಟು ರಾತ್ರಿ ಬಳ್ಳಿಗೆ ಕೊಡುತ್ತದೆ. ಸಾವೊ ಮಿಗೆಲ್ ದ್ವೀಪದ ಫುರ್ನಾಸ್‌ನಲ್ಲಿ ಮಾಂಸ, ಕೋಸು, ಗೆಣಸು ತುಂಬಿದ ಪಾತ್ರೆಯನ್ನು ಬಿಸಿ ನೆಲದ ಗುಂಡಿಗೆ ಇಳಿಸಿ, ಗಂಟೆಗಟ್ಟಲೆ ಬಿಟ್ಟು ಬೇಯಿಸುತ್ತಾರೆ. ಗ್ಯಾಸ್ ಸಿಲಿಂಡರ್ ಗೊಡವೆಯೇ ಇಲ್ಲ.

ಹಾಗಂತ ಬೆಟ್ಟ ಬರೀ ಕೊಡುತ್ತದೆ ಅಂತಲ್ಲ. 1957ರ ಸೆಪ್ಟೆಂಬರಿನಲ್ಲಿ ಫಯಾಲ್‌ನ ಕಪೆಲಿನ್ಯೋಸ್ ದೀಪಸ್ತಂಭದ ಮುಂದೆ ಸಮುದ್ರವೇ ಕುದಿಯಿತು. ಹದಿಮೂರು ತಿಂಗಳು ಜ್ವಾಲಾಮುಖಿ ಕಾರಿತು, ಬೂದಿ ಸುರಿಯಿತು. ಮನೆ, ಹೊಲ ಎಲ್ಲ ಮುಚ್ಚಿಹೋದವು. 1958ರಲ್ಲಿ ಅಮೆರಿಕ ಕಾನೂನು ಮಾಡಿ ಇವರಿಗೆ ಬಾಗಿಲು ತೆರೆಯಿತು. ಸಾವಿರಾರು ಜನ ಹೋದರು. ದೀಪಸ್ತಂಭದ ಕೆಳಗಿನ ಮಹಡಿ ಈಗಲೂ ಬೂದಿಯೊಳಗಿದೆ, ಕಣ್ಣಾರೆ ನೋಡಿದೆ. ಅವರನ್ನು ಓಡಿಸಿದ್ದು ಬೆಂಕಿಯ ಭಯಕ್ಕಿಂತ ಬೆಳೆಯಿಲ್ಲದ ಹೊಲ ಅಂತ ನನಗನಿಸಿತು.

ಆ ದ್ವೀಪಗಳಿಗೂ ನಮ್ಮ ಕಡಲಿಗೂ ಹಳೇ ನಂಟು ಬೇರೆ ಇದೆ. 1498ರಲ್ಲಿ ವಾಸ್ಕೋ ಡ ಗಾಮ ಕಾರವಾರದ ಹತ್ತಿರದ ನಮ್ಮ ಅಂಜುದೀವ್ ದ್ವೀಪದಲ್ಲಿ ಹಡಗು ರಿಪೇರಿ ಮಾಡಿಸಿದ. ಊರಿಗೆ ಮರಳುವಾಗ ಅವನ ಅಣ್ಣ ಪಾವ್ಲೊ ತೀರಿಕೊಂಡಿದ್ದು ಅಝೋರ್ಸ್‌ನ ಟೆರ್ಸೇರಾದಲ್ಲಿ.

ಇಷ್ಟೆಲ್ಲ ಹೇಳಿದರೂ ‘ಆದ್ರೂ ಕಾಕಾ, ನಾನಂತೂ ಅಲ್ಲಿ ಇರ್ತಿರಲಿಲ್ಲಪ್ಪ’ ಅನ್ನುತ್ತಾರೆ. ಆಗ ನಾನು ನಮ್ಮ ಕಡಲಿನ ಕೂರ್ಮಗಡ ದ್ವೀಪದ ಕಡೆ ಕೈ ತೋರಿಸುತ್ತೇನೆ. 2019ರ ಜನವರಿಯಲ್ಲಿ ಅಲ್ಲಿನ ನರಸಿಂಹನ ಜಾತ್ರೆಯ ದಿನ ದೋಣಿ ಮಗುಚಿ ಎಷ್ಟು ಜನ ಹೋದರು! ಮರುವರ್ಷ ನಾವು ದೋಣಿ ಹತ್ತಲಿಲ್ವಾ? ಲೈಫ್ ಜಾಕೆಟ್ ಕಟ್ಟಿಕೊಂಡು, ಮಡಿಲಲ್ಲಿ ಬಾಳೆಗೊನೆ ಇಟ್ಟುಕೊಂಡು.