ತಲಪಾಡಿ ಗಡಿಯ ಆಚೆ ಗಂಡನ ಮನೆ, ಈಚೆ ತವರು: ದೂರು ಎಲ್ಲಿ?

ಮಂಗಳೂರಿನ ಕಡೆಗೆ ಮದುವೆ ಮಾಡಿಕೊಟ್ಟ ಹುಡುಗಿ ಪೆಟ್ಟು ತಿಂದು ಮಂಜೇಶ್ವರದ ತವರಿಗೆ ಬಂದರೆ ನೆರೆಕರೆಯಲ್ಲಿ ಮೊದಲು ಕೇಳುವ ಮಾತು: "ಕೇಸು ಅಲ್ಲಿಯೇ ಕೊಡಬೇಕು, ಇದು ಕೇರಳ ಅಲ್ವಾ?" ಈ ತಪ್ಪು ತಿಳಿವಳಿಕೆಯಿಂದಲೇ ಎಷ್ಟೋ ದೂರುಗಳು ದಾಖಲಾಗುವುದಿಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯ 27ನೆಯ ಸೆಕ್ಷನ್ ಪ್ರಕಾರ, ಆಕೆ ತಾತ್ಕಾಲಿಕವಾಗಿ ಉಳಿದುಕೊಂಡಿರುವ ಊರಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೂ ಅರ್ಜಿ ಹಾಕಬಹುದು. ಅಲ್ಲಿ ಸಿಕ್ಕಿದ ಆದೇಶ ಇಡೀ ಭಾರತದಲ್ಲಿ ನಡೆಯುತ್ತದೆ. ರೇಷನ್ ಕಾರ್ಡಿನಲ್ಲಿ ಹೆಸರು ಗಂಡನ ಮನೆಯಲ್ಲೇ ಇದ್ದರೂ ತೊಂದರೆಯಿಲ್ಲ; ತವರಿನಲ್ಲಿ ವಾಸವಿದ್ದಾಳೆ ಎಂದು ವಾರ್ಡ್ ಮೆಂಬರರಿಂದ ಒಂದು ಪತ್ರ ಬರೆಸಿಟ್ಟುಕೊಂಡರೆ ಅನುಕೂಲ.

ಪೊಲೀಸ್ ಕೇಸಿಗೂ ಇದೇ ಮಾತು. ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕಿದ್ದ ಹಳೆಯ ದಂಡ ಸಂಹಿತೆಯ 498ಎ, ಅಂದರೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಸೆಕ್ಷನ್. ಅದರ ದೂರನ್ನು ಆಕೆ ಆಶ್ರಯ ಪಡೆದ ಊರಿನಲ್ಲೂ ಕೊಡಬಹುದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಸ್ಟೇಷನ್ನಿನಲ್ಲಿ "ನಮ್ಮ ವ್ಯಾಪ್ತಿ ಅಲ್ಲ" ಎಂದರೆ ಝೀರೋ ಎಫ್‌ಐಆರ್ ಕೇಳಿ, ಅಂದರೆ ವ್ಯಾಪ್ತಿ ನೋಡದೆ ದೂರು ದಾಖಲಿಸಿಕೊಂಡು ಸಂಬಂಧಪಟ್ಟ ಸ್ಟೇಷನ್ನಿಗೆ ಕಳಿಸುವುದು.

ಇವೆರಡೂ ಬೇರೆ ಬೇರೆ ದಾರಿಗಳು. "ಅವರು ಜೈಲಿಗೆ ಹೋಗುವುದು ಬೇಡ, ಹೊಡೆಯುವುದು ನಿಂತರೆ ಸಾಕು" ಎನ್ನುವವರೇ ಹೆಚ್ಚು. ಅಂಥವರಿಗೆ 2005ರ ಕಾಯಿದೆಯೇ ಸರಿ. ಹತ್ತಿರ ಬರಬಾರದೆಂಬ ಆದೇಶ, ಮನೆಯಲ್ಲಿ ವಾಸಿಸುವ ಹಕ್ಕು, ಖರ್ಚಿನ ಹಣ, ಮಕ್ಕಳ ತಾತ್ಕಾಲಿಕ ಸುಪರ್ದಿ, ಚಿನ್ನ ವಾಪಸು, ಇಷ್ಟನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ಹತ್ತಿರ ಬರಬಾರದೆಂಬಂಥ ಸಂರಕ್ಷಣಾ ಆದೇಶವನ್ನು ಮುರಿದಾಗ ಮಾತ್ರ ಅದು ಅಪರಾಧ: ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹೊಡೆತವೇ ಆಗಿರಬೇಕೆಂದಿಲ್ಲ. ಗಲ್ಫಿನಲ್ಲಿ ಕೂತು ದಿನವೂ ವಿಡಿಯೋ ಕಾಲ್ ಮಾಡಿ ಎಲ್ಲಿದ್ದೀ ಎಂದು ತೋರಿಸಲು ಹೇಳುವುದು, ಬೀಡಿ ಕಟ್ಟಿದ ದುಡ್ಡನ್ನು ಅತ್ತೆ ಇಟ್ಟುಕೊಳ್ಳುವುದು, ಕೇಳದೆ ಚಿನ್ನ ಅಡವಿಡುವುದು, ಇವನ್ನೂ ಅರ್ಜಿಯಲ್ಲಿ ಬರೆಯಬೇಕು. ಚಿನ್ನದ ಲೆಕ್ಕಕ್ಕೆ ಅಂಗಡಿಯ ಬಿಲ್ಲು ಇಲ್ಲದಿದ್ದರೆ ಮದುವೆಯ ಫೋಟೋಗಳು ಉಪಯೋಗಕ್ಕೆ ಬರುತ್ತವೆ.

ಕೇಸು ಸೊರಗುವುದು ಸಾಮಾನ್ಯವಾಗಿ ಆಸ್ಪತ್ರೆಯ ಚೀಟಿಯಿಂದ. ಜೊತೆಗೆ ಬಂದ ಗಂಡನೋ ಅತ್ತೆಯೋ "ಬಚ್ಚಲಲ್ಲಿ ಜಾರಿ ಬಿದ್ದದ್ದು" ಎನ್ನುತ್ತಾರೆ, ಒಪಿ ಚೀಟಿಯಲ್ಲಿ ಅದೇ ಬೀಳುತ್ತದೆ, ಎರಡು ವರ್ಷದ ಮೇಲೆ ಎದುರು ವಕೀಲರು ಅದನ್ನೇ ಓದುತ್ತಾರೆ. ಜೊತೆಗಿದ್ದವರನ್ನು ಹೊರಗೆ ಕಳಿಸಲು ನರ್ಸಿಗೆ ಹೇಳಿ. ಯಾರು, ಯಾವುದರಿಂದ, ಎಲ್ಲಿಗೆ ಹೊಡೆದರು ಎಂದು ಡಾಕ್ಟರರು ಬರೆಯಲಿ. ಗಾಯದ ಫೋಟೋ ಎರಡು ಬಗೆಯಲ್ಲಿ ಬೇಕು: ಮುಖವೂ ಕಾಣುವಂತೆ ಒಂದು, ಹತ್ತಿರದಿಂದ ಒಂದು. ನೀಲಿಗಟ್ಟುವುದು ಮರುದಿನ ಎದ್ದು ಕಾಣುತ್ತದೆ, ಆಗ ಮತ್ತೊಮ್ಮೆ ತೆಗೆಯಿರಿ.

ಕುತ್ತಿಗೆ ಹಿಸುಕಿದ್ದರೆ ಕಾಯಬೇಡಿ. ಹೊರಗೆ ಒಂದು ಗುರುತೂ ಇಲ್ಲದೆ ಒಳಗೆ ಪೆಟ್ಟಾಗಿರಬಹುದು. ಸ್ವರ ಒಡೆದಿರುವುದು, ನುಂಗಲು ಕಷ್ಟ, ಕಣ್ಣಿನಲ್ಲಿ ಕೆಂಪು ಚುಕ್ಕೆ, ತಲೆಸುತ್ತು ಇದ್ದರೆ ಅದೇ ಗಳಿಗೆ ಆಸ್ಪತ್ರೆಗೆ. ಒಮ್ಮೆ ಕುತ್ತಿಗೆಗೆ ಕೈ ಹಾಕಿದವನು ಮುಂದೆ ಕೊಲ್ಲುವ ಸಾಧ್ಯತೆ ಉಳಿದವರಿಗಿಂತ ಬಹಳ ಹೆಚ್ಚು. ಬಿಟ್ಟು ಹೊರಡುವ ದಿನಗಳೂ ಅಪಾಯದವೇ, ಹಾಗಾಗಿ ಹೊರಡುವ ಸುದ್ದಿಯನ್ನು ಅವನ ಕಡೆಯ ಒಬ್ಬರಿಗೂ ಹೇಳಬಾರದು.

ದೂರನ್ನು ಕನ್ನಡದಲ್ಲೇ ಕೊಡಿ. ಸಂವಿಧಾನದ 350ನೆಯ ವಿಧಿ ಆ ಹಕ್ಕು ಕೊಟ್ಟಿದೆ. ಮಲಯಾಳದಲ್ಲಿ ಬರೆದುಕೊಂಡರೆ ಪೂರ್ತಿ ಅರ್ಥ ಕೇಳಿ ತಿಳಿದ ಮೇಲೆ ಮಾತ್ರ ಸಹಿ ಹಾಕಿ. ಗಂಡನ ಕಡೆಯವರಿಂದ ಅನುವಾದ ಮಾಡಿಸುವುದು ಬೇಡವೇ ಬೇಡ. ಮೊದಲ ಸಲ, ಅತಿ ಕೆಟ್ಟದ್ದು, ಕೊನೆಯದು, ಈ ಮೂರು ಘಟನೆಗಳನ್ನಾದರೂ ಬಿಡಿಸಿ ಬರೆಯಿರಿ. ತಾರೀಕು ನೆನಪಿಲ್ಲದಿದ್ದರೆ "ಕುಂಬಳೆ ಬೆಡಿಯ (ಜಾತ್ರೆಯ ಸಿಡಿಮದ್ದಿನ) ಮರುದಿನ ರಾತ್ರಿ" ಎಂದರೂ ಸಾಕು, ತಾರೀಕು ಆಮೇಲೆ ಹುಡುಕಬಹುದು.

ಜೊತೆಗೆ ನಿಲ್ಲುವವರಿಗೆ ಒಂದು ಮಾತು: ಗುರಿಕಾರರನ್ನೂ (ಸಮುದಾಯದ ಮುಖ್ಯಸ್ಥರನ್ನೂ) ನಾಲ್ಕು ಹಿರಿಯರನ್ನೂ ಕರೆದು ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಬೇಡಿ. ಅವಳು ಅಲ್ಲಿ ಬಾಯಿಬಿಟ್ಟದ್ದಕ್ಕೆ ಅವನು ಅದೇ ರಾತ್ರಿ ಸೇಡು ತೀರಿಸುತ್ತಾನೆ. ಅವನನ್ನು ಹೋಗಿ ಗದರಿಸಿದರೂ ಅಷ್ಟೇ. "ನೀವು ಹೇಳಿದ್ದನ್ನು ನಂಬುತ್ತೇನೆ ಅಕ್ಕ, ಈಗ ನಿಮಗೆ ಏನಾಗಬೇಕು?" ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಇನ್ನೂ ಹೊರಡಲು ಒಪ್ಪದಿದ್ದರೆ ಬೈಯಬೇಡಿ. ಆಧಾರ್, ಮಕ್ಕಳ ಜನನ ಪ್ರಮಾಣಪತ್ರ, ಎಸ್‌ಎಸ್‌ಎಲ್‌ಸಿ ಪುಸ್ತಕ, ಪಾಸ್‌ಬುಕ್, ವಾರಕ್ಕಾಗುವ ಮಾತ್ರೆ, ಸ್ವಲ್ಪ ಚಿಲ್ಲರೆ ಹಣ ಇರುವ ಚೀಲವನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ. ಅವಳ ವಾಟ್ಸಾಪ್ ಬೇರೆ ಫೋನಿಗೆ ಜೋಡಣೆಯಾಗಿದೆಯೋ, ಲೊಕೇಶನ್ ಯಾರಿಗಾದರೂ ಹೋಗುತ್ತಿದೆಯೋ ನೋಡಿ. ಆದರೆ ಒಮ್ಮೆಗೇ ಎಲ್ಲ ತೆಗೆದರೆ ಅವನಿಗೆ ಗೊತ್ತಾಗುತ್ತದೆ. ಹೊರಡುವವರೆಗೆ ಅವಳು ನಿಮ್ಮ ಫೋನಿನಿಂದಲೇ ಕರೆ ಮಾಡಲಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಉಚಿತ ಕಾನೂನು ನೆರವಿಗೆ 15100. ಹೆಂಗಸರಿಗೆ ಈ ನೆರವು ಸಿಗಲು ಆದಾಯದ ಮಿತಿ ಇಲ್ಲ.

ಅರ್ಜಿ ಬರೆಸಲು ಸಂರಕ್ಷಣಾಧಿಕಾರಿಯ (2005ರ ಕಾಯಿದೆಯಡಿ ಸರಕಾರ ನೇಮಿಸಿದ ಅಧಿಕಾರಿಯ) ಬಳಿ ಹೋದರೆ ಅವರೇ ಡಿಐಆರ್, ಅಂದರೆ ಕೌಟುಂಬಿಕ ಹಿಂಸೆಯ ಘಟನಾ ವರದಿ, ತುಂಬುತ್ತಾರೆ. ಕಾಯಿದೆ ಹೇಳುವಂತೆ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಆಗಬೇಕು, ತೀರ್ಮಾನಕ್ಕೆ 60 ದಿನದ ಗುರಿ. ವಾಸ್ತವದಲ್ಲಿ ಎಳೆಯುತ್ತದೆ, ಆದ್ದರಿಂದ ಮೊದಲ ದಿನವೇ ಮಧ್ಯಂತರ ಆದೇಶ ಕೇಳಲು ಮರೆಯಬೇಡಿ. ಆದೇಶದ ಪ್ರತಿ ಉಚಿತ. ಒಂದನ್ನು ತವರಿನ ಸ್ಟೇಷನ್ನಿಗೂ ಇನ್ನೊಂದನ್ನು ಗಂಡನ ಊರಿನ ಸ್ಟೇಷನ್ನಿಗೂ ಕೊಟ್ಟು, ಮೂರನೆಯದನ್ನು ಕೈಚೀಲದಲ್ಲಿ ಇಟ್ಟುಕೊಳ್ಳಲಿ.