ಕರೆಂಟ್ ಹೋದ ಮೇಲೂ ತೊಟ್ಟಿಕ್ಕಿದ ನೀರು

ಗದಗದಲ್ಲಿ ನಮ್ಮದೊಂದು ಸಣ್ಣ ಲ್ಯಾಬ್ ಇದೆ. ಎರಡು ಕೋಣೆ, ನಾನು, ಜೊತೆಗೆ ಗಾಜಿನ ಸಾಮಾನು ತೊಳೆಯುವ ಒಬ್ಬ ಹುಡುಗ. ರೈತರು ಹೊಲದ ಮಣ್ಣು ತರುತ್ತಾರೆ, ಬೋರಿನ ನೀರು ತರುತ್ತಾರೆ.

ಹೋದ ಬೇಸಿಗೆಯಲ್ಲಿ ಹಿರಿಯರೊಬ್ಬರು ರಿಪೋರ್ಟ್ ಹಿಡಿದುಕೊಂಡು ವಾಪಸ್ ಬಂದರು. ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ, 310 ಅಂತ ಬರೆದುಕೊಟ್ಟಿದ್ದೆ. ಕುಡಿಯುವ ನೀರಿನಲ್ಲಿ ಅದು ಲೀಟರ್‌ಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. "ಅಕ್ಕಾರ, ಈ ನೀರಾಗ ತೊಗರಿಬ್ಯಾಳಿ ಲಗೂನ ಬೇಯತೈತ್ರಿ. ನಿಮ್ಮ ಲೆಕ್ಕದಾಗ ಏನೋ ತಪ್ಪೇತಿ" ಅಂದರು. ನಾನು ನಕ್ಕು ಕಳಿಸಿದೆ.

ವಾರದ ನಂತರ ಮಧ್ಯಾಹ್ನ ಕರೆಂಟ್ ಹೋಯಿತು. ಫ್ಯಾನ್ ನಿಂತಿತು, ಪರೀಕ್ಷೆಗೆ ಬೇಕಾದ ಶುದ್ಧ (ಡಿಸ್ಟಿಲ್ಡ್) ನೀರು ಮಾಡುವ ಗಾಜಿನ ಯಂತ್ರದೊಳಗಿನ ಕುದಿತವೂ ನಿಂತಿತು. ಹತ್ತು ನಿಮಿಷ ಬಿಟ್ಟು ಹುಡುಗ ಕೂಗಿದ: "ಅಕ್ಕಾರ, ಕರೆಂಟ್ ಇಲ್ಲಲ್ರೀ, ನೀರ ಹ್ಯಾಂಗ ಬೀಳಾಕತ್ತೈತಿ?"

ಹೋಗಿ ನೋಡಿದೆ. ಬಾಟಲಿಗೆ ಸೆಕೆಂಡಿಗೊಂದು ಹನಿ, ಗಡಿಯಾರದ ಹಾಗೆ ಬೀಳುತ್ತಿತ್ತು. ಆವಿಯೇ ಇಲ್ಲದ ಮೇಲೆ ಹನಿ ಎಲ್ಲಿಂದ ಬಂತು?

ನಮ್ಮ ಯಂತ್ರದ ಕಥೆ ಇಷ್ಟೇ. ಕೆಳಗೆ ನೀರು ಕುದಿಯುತ್ತದೆ, ಆವಿ ಪಕ್ಕದ ಕಂಡೆನ್ಸರ್‌ಗೆ ಹೋಗುತ್ತದೆ. ಅದರೊಳಗೆ ಗಾಜಿನ ಸುರುಳಿ ಕೊಳವೆ ಇದೆ, ಅದರಲ್ಲಿ ತಣ್ಣೀರು ಹರಿಯುತ್ತಿರುತ್ತದೆ. ಆವಿ ಆ ಸುರುಳಿಗೆ ತಾಗಿ ನೀರಾಗಿ ಬಾಟಲಿಗೆ ಇಳಿಯುತ್ತದೆ. ಆಗ ತಣ್ಣೀರು ಚಾವಣಿಯ ಟ್ಯಾಂಕಿಂದ ಕರೆಂಟ್ ಇಲ್ಲದೆಯೂ ಇಳಿದು ಬರುತ್ತಿತ್ತು, ಅದು ಅಪ್ಪಟ ಸವಳು ಬೋರಿನ ನೀರು. ತುಂಗಭದ್ರೆಯ ನಳದ ನೀರು ದಿನಾ ಬರುವುದಿಲ್ಲ, ಅದನ್ನು ಕುದಿಸುವುದಕ್ಕಷ್ಟೇ ಇಟ್ಟುಕೊಳ್ಳುತ್ತೇವೆ. ಸುರುಳಿಯನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಬೆಸುಗೆಯ ಹತ್ತಿರ ಕೂದಲೆಳೆಯಷ್ಟು ಸೀಳು, ಅದರ ಸುತ್ತ ಸುಣ್ಣದ ಬಿಳಿ ಹಕ್ಕಳೆ. ಬೋರಿನ ನೀರು ಅಲ್ಲಿಂದಲೇ ಸೋರಿ ಬಾಟಲಿಗೆ ಬೀಳುತ್ತಿತ್ತು.

ಬಾಟಲಿಯ ನೀರಿಗೆ ಪಿಎಚ್ ಸ್ಥಿರವಾಗಿಡುವ ಬಫರ್, ಗಡಸುತನ ಇದ್ದರೆ ಕೆಂಪಾಗುವ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಬಣ್ಣ ಹಾಕಿದೆ. ಶುದ್ಧ ನೀರಾಗಿದ್ದರೆ ಶಾಯಿಯ ಹಾಗೆ ನೀಲಿ ಬರಬೇಕು. ಬಂದದ್ದು ಕೋಕಂ ಶರಬತ್ತಿನ ಕೆಂಪು. ಕೆಂಪು ಹೋಗಿ ನೀಲಿ ಬರುವವರೆಗೆ ಇಡಿಟಿಎ ದ್ರಾವಣ ಹಾಕಿ ಅಳೆದರೆ ಗಡಸುತನ ಲೀಟರ್‌ಗೆ 30 ಮಿಲಿಗ್ರಾಂ.

ಮೂವತ್ತೇ ತಾನೇ ಅನ್ನಬೇಡಿ. ನಮ್ಮ ಕಡೆಯ ನೀರು ಗಡಸು ಅಂತ ನಾನು 10 ಎಂಎಲ್ ಸ್ಯಾಂಪಲ್‌ಗೆ 40 ಎಂಎಲ್ ಡಿಸ್ಟಿಲ್ಡ್ ನೀರು ಬೆರೆಸುತ್ತೇನೆ. ಆ ನಲವತ್ತರಲ್ಲಿ 1.2 ಮಿಲಿಗ್ರಾಂ ಸೇರಿಕೊಂಡಿತ್ತು. ಲೆಕ್ಕ ಮಾತ್ರ ಹತ್ತು ಎಂಎಲ್ ಮೇಲೆ. ಅಂದರೆ ಪ್ರತಿ ರಿಪೋರ್ಟಿನಲ್ಲೂ 120 ಜಾಸ್ತಿ! ಆ ಹಿರಿಯರ ನೀರು 310 ಅಲ್ಲ, 190. ದಿನಾ ಬೆಳಿಗ್ಗೆ ಬ್ಲ್ಯಾಂಕ್, ಅಂದರೆ ಸ್ಯಾಂಪಲ್ ಇಲ್ಲದೆ ಬರೀ ಡಿಸ್ಟಿಲ್ಡ್ ನೀರಿನ ಪರೀಕ್ಷೆ, ಹಾಕಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಕೆಲಸದ ಒತ್ತಡ ಅಂತ ಬಿಟ್ಟಿದ್ದೆ, ತಪ್ಪು ನನ್ನದೇ. ರ್‍ಯಾಕಿನಲ್ಲಿ ಉಳಿದಿದ್ದ ಹನ್ನೊಂದು ಬಾಟಲಿಗಳನ್ನು ಮತ್ತೆ ಪರೀಕ್ಷೆ ಮಾಡಿ, ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಹಿರಿಯರು ಬೈಯಲಿಲ್ಲ. "ಬ್ಯಾಳಿ ಸುಳ್ಳ ಹೇಳಂಗಿಲ್ಲ ನೋಡ್ರಿ" ಅಂದರು ಅಷ್ಟೇ.

ಹೊಸ ಕಂಡೆನ್ಸರ್ ಬರುವವರೆಗೆ ಏನು ಮಾಡುವುದು? ಹುಡುಗ ಪಕ್ಕದ ಅಂಗಡಿಯ ಎಸಿಯಿಂದ ಸೋರುವ ನೀರು ಹಿಡಿಯೋಣ ಅಂದ. ಯೋಚನೆ ಕೆಟ್ಟದ್ದಲ್ಲ, ಅದೂ ಆವಿಯಿಂದ ಬಂದದ್ದೇ. ಆದರೆ ಅದರಲ್ಲಿ ಧೂಳು, ಪಾಚಿ, ಲೋಹದ ಅಂಶ ಎಲ್ಲ ಇರುತ್ತದೆ. ಬೇಡ ಅಂದೆ. ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಆರ್‌ಒ ತಂದು ಹಾಕಿ, ಅದರ ನೀರು ಹೊರಬರುವ ಕಡೆ, ಉಳಿದ ಲವಣವನ್ನು ಹಿಡಿದುಕೊಳ್ಳುವ ಮಿಕ್ಸೆಡ್ ಬೆಡ್ ರೆಸಿನ್ ಕಾರ್ಟ್ರಿಜ್ ಜೋಡಿಸಿದೆ. ನೇರವಾಗಿ ಬೋರಿನ ನೀರನ್ನೇ ರೆಸಿನ್‌ಗೆ ಬಿಟ್ಟರೆ ಅದು ನೋಡನೋಡುತ್ತಲೇ ಸತ್ತುಹೋಗುತ್ತದೆ. ಆರ್‌ಒ ನೂರರಲ್ಲಿ 95 ಪಾಲು ಲವಣ ತಡೆದರೆ ಅದೇ ರೆಸಿನ್ ಹೆಚ್ಚುಕಮ್ಮಿ ಇಪ್ಪತ್ತು ಪಟ್ಟು ಬಾಳುತ್ತದೆ. ಆರ್‌ಒ ಹೊರಗೆ ಬಿಡುವ ನೀರಿನಲ್ಲಿ ನೆಲ ಒರೆಸುತ್ತೇವೆ.

ಲವಣ ಕಮ್ಮಿಯಾದಷ್ಟೂ ಕಮ್ಮಿ ತೋರಿಸುವ ಕಂಡಕ್ಟಿವಿಟಿ ಮೀಟರಿನಲ್ಲಿ ಇದರ ನೀರು ಸೆಂಟಿಮೀಟರಿಗೆ 1 ಮೈಕ್ರೋಸೀಮನ್ಸ್ ಒಳಗೇ ಬರುತ್ತದೆ. ಪೆನ್ನಿನಂಥ ಅಗ್ಗದ ಟಿಡಿಎಸ್ ಮೀಟರಿಗೆ ಅದೆಲ್ಲ ಬರೀ ಸೊನ್ನೆ, ನಂಬಬೇಡಿ. ಕ್ಯಾನಿನ ಮುಚ್ಚಳ ತೆಗೆದಿಟ್ಟರೆ ನೀರು ಗಾಳಿಯ ಕಾರ್ಬನ್ ಡೈಆಕ್ಸೈಡ್ ಕುಡಿದು, ಪಿಎಚ್ 5.6ರ ಹತ್ತಿರ ಇಳಿಯುತ್ತದೆ. ಮೊದಲ ಸಲ ನೋಡಿದಾಗ ಯಾರೋ ಆಸಿಡ್ ಬೆರೆಸಿದ್ದಾರೆ ಅಂತ ಹುಡುಗನ ಮೇಲೆ ರೇಗಿದ್ದೆ, ಪಾಪ.

ಹಾಗಂತ ಹಳೆಯ ಯಂತ್ರವನ್ನು ಬಿಟ್ಟಿಲ್ಲ. ಅದರ ಖರ್ಚು ಜಾಸ್ತಿಯೇ: ಲೀಟರ್‌ಗೆ ಮುಕ್ಕಾಲು ಯೂನಿಟ್ ಕರೆಂಟ್, ತಣ್ಣಗಾಗಿಸುವುದಕ್ಕೆ ಹದಿನೈದು ಲೀಟರ್ ನೀರು. ಆ ನೀರನ್ನು ಸುಮ್ನೆ ಚರಂಡಿಗೆ ಬಿಡಲು ಮನಸ್ಸಾಗದೆ ಈಗ ಡ್ರಮ್ಮಿಗೆ ಪಂಪ್ ಹಾಕಿ ಅದನ್ನೇ ತಿರುಗಿಸುತ್ತೇವೆ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಹತ್ತರೊಳಗೆ ಡ್ರಮ್ ಬಿಸಿಯಾಗುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ತಿಂಗಳಿಗೊಮ್ಮೆ ನಿಂಬೆ ಉಪ್ಪು ಹಾಕಿ ಕುದಿಸಿ ಹಕ್ಕಳೆ ಬಿಡಿಸುತ್ತೇವೆ.

ಹೊಸ ಕಂಡೆನ್ಸರ್ ಬಂದು ಎರಡು ತಿಂಗಳಾಯಿತು. ಈಗ ಹುಡುಗ ಹೀಟರ್ ಹಾಕುವ ಮೊದಲು ಬರೀ ತಣ್ಣೀರು ಬಿಟ್ಟು, ಹನಿ ಬೀಳುವ ತುದಿಯ ಕೆಳಗೆ ಅಂಗೈ ಹಿಡಿದು ಐದು ನಿಮಿಷ ಕೂರುತ್ತಾನೆ. ಕೈ ಒದ್ದೆಯಾಗದಿದ್ದರೆ ಒಳಗಿಂದಲೇ ಕೂಗುತ್ತಾನೆ: "ಹಾಕ್ಲೇನ್ರೀ ಅಕ್ಕಾರ?"