ಹಗಲು ಬರ್ತಿದೆಯಲ್ಲ ಮೇಡಂ

"ಹಗಲು ಬರ್ತಿದೆಯಲ್ಲ ಮೇಡಂ."

ಈ ಮಾತು ವಾರದಿಂದ ನನ್ನ ತಲೆಯಲ್ಲೇ ಸುತ್ತುತ್ತಿದೆ. ಹೇಳಿದವರು ನಮ್ಮ ಹಿತ್ತಲಿಗೆ ಕ್ಯಾಮೆರಾ ಹಾಕಿದವರು. ವಯಸ್ಸಿನಲ್ಲಿ ಹಿರಿಯರು, ಈ ಕೆಲಸದಲ್ಲಿ ಕೈ ಪಳಗಿದವರು. ಗೋಡೆ ಕೊರೆಯುವುದು, ಕೇಬಲ್ ಎಳೆಯುವುದು ಎಲ್ಲ ಅಚ್ಚುಕಟ್ಟು. ಆದರೆ ಕಳ್ಳತನಕ್ಕೆ ಹೆದರಿ ಹಾಕಿಸಿದ ಕ್ಯಾಮೆರಾ ರಾತ್ರಿ ಕೆಲಸ ಮಾಡಲ್ಲ ಅಂದರೆ ಕೊಡುವ ಉತ್ತರವಾ ಇದು?

ದೂರು ಹೇಳಿದ್ದು ಅಮ್ಮ. ಅವರಿಗೆ ನಿದ್ದೆ ಕಡಿಮೆ. ನಡುರಾತ್ರಿ ಎದ್ದು ಫೋನಿನಲ್ಲಿ ಹಿತ್ತಲು ನೋಡುತ್ತಾರೆ. ಚಿತ್ರ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಆ ಕ್ಯಾಮೆರಾ ಇರುವುದು ಅವರ ಕಿಟಕಿಯ ಮೇಲೇ. "ಅದು ಟಿಕ್ ಟಿಕ್ ಅಂತ ಸದ್ದು ಮಾಡುತ್ತೆ. ಕೆಂಪಗೆ ಹೊತ್ತಿಕೊಳ್ಳುತ್ತೆ, ಆಮೇಲೆ ಆರಿಹೋಗುತ್ತೆ" ಎಂದರು. ಅಣ್ಣ ಬೆಳಿಗ್ಗೆ ಕಾಫಿ ಕುಡಿಯುತ್ತಾ ಫೋನ್ ತೆರೆದು ನೋಡಿ, "ಸರಿ ಇದೆಯಲ್ಲಮ್ಮ, ಸುಮ್ನೆ ಗಾಬರಿ ಆಗಬೇಡ" ಎಂದ. ಅಣ್ಣ ಒಳ್ಳೆಯವನೇ. ಆದರೆ ಯಾರಾದರೂ ಹೇಳಿದ್ದನ್ನು ಅವರು ಹೇಳಿದ ಹೊತ್ತಿನಲ್ಲಿ ಹೋಗಿ ನೋಡುವ ತಾಳ್ಮೆ ಅವನಿಗಿಲ್ಲ.

ಹಾಕಿದವರು ಬಂದರು. ಅವರೂ ಬಂದಿದ್ದು ಮಟಮಟ ಮಧ್ಯಾಹ್ನ. ಟಿಕ್ ಸದ್ದಿನ ವಿಷಯ ಹೇಳಿದರೆ "ಹಲ್ಲಿ ಇರಬೇಕು" ಎಂದು ನಕ್ಕರು. ಅಮ್ಮ ಏನೂ ಮಾತಾಡದೆ ಒಳಗೆ ಹೋದರು. ಹಾಕಿದವರು ಅಡಾಪ್ಟರ್ ಬದಲಾಯಿಸಿದರು. ಅದೇ ಕಥೆ. ಇನ್ನೊಂದು ಸಲ ಬಂದು ಕ್ಯಾಮೆರಾವನ್ನೇ ಬದಲಾಯಿಸಿದರು. ಅದೂ ರಾತ್ರಿ ಹಾಗೇ ಮಾಡಿತು. ಕ್ಯಾಮೆರಾದ ಪಿನ್ ಬಿಚ್ಚಿ, ಅಲ್ಲಿಗೆ ಬರುವ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ಅಳೆದು ತೋರಿಸಿದರು. 12 ವೋಲ್ಟ್, ಕರೆಕ್ಟಾಗಿ. ರೆಕಾರ್ಡಿಂಗ್ ತೆಗೆದು, ಚಲನೆ ಕಂಡಾಗ ಮಾತ್ರ ದಾಖಲಾಗುವ ಹಾಗೆ ಇಟ್ಟಿದ್ದೇನೆ, ರಾತ್ರಿ ಖಾಲಿ ಇದೆ ಅಂದರೆ ಯಾರೂ ಓಡಾಡಿಲ್ಲ ಅಂತ ಅರ್ಥ ಎಂದು ವಿವರಿಸಿದರು. ಕೊನೆಗೆ ಚೀಲ ಹೆಗಲಿಗೆ ಹಾಕಿಕೊಂಡು ಆ ಮಾತು ಹೇಳಿದರು. ಹಗಲು ಬರ್ತಿದೆಯಲ್ಲ ಮೇಡಂ.

ಖಾಲಿ ರೆಕಾರ್ಡಿಂಗಿನ ಮಾತು ನನಗೆ ಇನ್ನೂ ಜೀರ್ಣ ಆಗಿಲ್ಲ. ಯಾರೂ ಬರದಿದ್ದರೂ ಖಾಲಿ, ಕ್ಯಾಮೆರಾ ಸತ್ತಿದ್ದರೂ ಖಾಲಿ. ನೋಡಿದರೆ ಎರಡೂ ಒಂದೇ ಥರ. ಹಾಗಿರುವಾಗ ಒಳ್ಳೆಯ ಅರ್ಥವನ್ನೇ ಹಿಡಿದುಕೊಂಡು ಹೊರಟರಲ್ಲ!

ಬೇರೆಯವರಿಗೆ ಫೋನ್ ಮಾಡಿದೆ. ಅವರಿಗೆ ಪುರುಸೊತ್ತಿರಲಿಲ್ಲ. ತಮ್ಮ ಹತ್ತಿರ ಕೆಲಸ ಕಲಿಯುತ್ತಿದ್ದ ಹುಡುಗನನ್ನು ಕಳಿಸಿದರು. ಮೀಸೆ ಇನ್ನೂ ಸರಿಯಾಗಿ ಚಿಗುರಿರದ ಹುಡುಗ. ಇವನೇನು ಮಾಡುತ್ತಾನೆ ಎಂದು ಅಣ್ಣ ಕಣ್ಣಲ್ಲೇ ಕೇಳಿದ. ಹುಡುಗ ಏಣಿಯನ್ನೂ ಮುಟ್ಟಲಿಲ್ಲ, ರೆಕಾರ್ಡಿಂಗ್ ಉಳಿಸುವ ಪೆಟ್ಟಿಗೆ ಡಿವಿಆರನ್ನೂ ಮುಟ್ಟಲಿಲ್ಲ. "ರಾತ್ರಿ ನೋಡಿದವರು ಯಾರು?" ಎಂದು ಕೇಳಿದ. ನೇರವಾಗಿ ಅಮ್ಮನ ಹತ್ತಿರ ಹೋಗಿ ನಿಂತ.

"ಅಜ್ಜಿ, ಎಷ್ಟೊತ್ತಿಗೆ ಶುರು ಆಗುತ್ತೆ ಇದು?"

"ಕತ್ತಲಾದ ಕೂಡಲೇ ಕಣಪ್ಪ. ದೀಪ ಹಚ್ಚೋ ಹೊತ್ತಿಗೆ."

"ಕೆಂಪಗೆ ಆದಮೇಲೆ ಟಿಕ್ ಅನ್ನುತ್ತಾ, ಟಿಕ್ ಅಂದಮೇಲೆ ಕೆಂಪಗಾಗುತ್ತಾ?"

"ಎರಡೂ ಒಟ್ಟೊಟ್ಟಿಗೆ. ಆಮೇಲೆ ಆರಿಹೋಗುತ್ತೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ."

ಆಮೇಲೆ ಅವನು ಮಾಡಿದ್ದನ್ನು ನಾನು ಎಷ್ಟು ಸಲ ನೆನಪು ಮಾಡಿಕೊಂಡೆನೋ. ಏಣಿ ಹತ್ತಿದ. ಕೆಳಗೆ ನಾನು ಫೋನಿನಲ್ಲಿ ಹಿತ್ತಲು ನೋಡುತ್ತಾ ನಿಂತಿದ್ದೆ. ಬಿಸಿಲು, ಒಣಗಲು ಹಾಕಿದ ಬಟ್ಟೆ, ಎಲ್ಲ ಬಣ್ಣಬಣ್ಣವಾಗಿ ಕಾಣುತ್ತಿತ್ತು. ಅವನು ಕ್ಯಾಮೆರಾದ ಮುಖವನ್ನು ಅಂಗೈಯಿಂದ ಪೂರ್ತಿ ಮುಚ್ಚಿದ. ಒಂದೆರಡು ಕ್ಷಣ ಕಳೆಯಿತು. ಟಿಕ್ ಎಂದಿತು. ಫೋನಿನಲ್ಲಿ ಚಿತ್ರ ಹೋಯಿತು.

"ನೋಡಿ ಮೇಡಂ, ರಾತ್ರಿ ಮಾಡಿದೆ" ಎಂದ. ಅಮ್ಮ ಕಿಟಕಿಯ ಒಳಗಿಂದ "ಅದೇ ಸದ್ದು! ಅದೇ!" ಎಂದು ಕೂಗಿದರು.

ಅವನು ಬಿಡಿಸಿ ಹೇಳಿದ್ದು ಇಷ್ಟು. ಬೆಳಕು ಕಡಿಮೆ ಆದ ಕೂಡಲೇ ಕ್ಯಾಮೆರಾದ ಸೆನ್ಸಾರ್ ಅದನ್ನು ಗುರುತಿಸುತ್ತದೆ. ಲೆನ್ಸಿನ ಹಿಂದೆ ಒಂದು ಸಣ್ಣ ಫಿಲ್ಟರ್ ಪಕ್ಕಕ್ಕೆ ಸರಿಯುತ್ತದೆ. ಟಿಕ್ ಎನ್ನುವುದು ಅದರ ಸದ್ದು. ಅದೇ ಹೊತ್ತಿಗೆ ಕ್ಯಾಮೆರಾಗೆ ಕತ್ತಲಲ್ಲಿ ಕಾಣಲು ಬೇಕಾದ ಐಆರ್ (ಇನ್‌ಫ್ರಾರೆಡ್) ದೀಪಗಳು ಹೊತ್ತಿಕೊಳ್ಳುತ್ತವೆ. ನಮ್ಮ ದೀಪದ ಬೆಳಕಿನ ಅಲೆಯ ಉದ್ದ 850 ನ್ಯಾನೋಮೀಟರ್, ಹಾಗಾಗಿ ನಮ್ಮ ಕಣ್ಣಿಗೆ ಮಂದವಾಗಿ ಕೆಂಪಗೆ ಕಾಣುತ್ತದೆ. 940ರದಾದರೆ ಅದೂ ಕಾಣಲ್ಲ, ಆದರೆ ಅಷ್ಟು ದೂರಕ್ಕೆ ಬೆಳಕು ಹೋಗಲ್ಲ. ಈ ದೀಪಗಳೇ ಜಾಸ್ತಿ ಕರೆಂಟ್ ಎಳೆಯುವುದು. ಹಗಲು ಕಾಲು ಆಂಪಿಯರ್ ಸಾಕಿದ್ದ ಕ್ಯಾಮೆರಾಗೆ ರಾತ್ರಿ ಅದರ ಎರಡು ಪಟ್ಟಿಗಿಂತ ಜಾಸ್ತಿ ಬೇಕು. ಡಿವಿಆರ್ ಇರುವ ಮುಂದಿನ ಕೋಣೆಯಿಂದ ಮನೆ ಸುತ್ತಿ ಹಿತ್ತಲಿಗೆ ಬರುವ ತಂತಿ 30 ಮೀಟರ್ ಉದ್ದ, ಕೂದಲೆಳೆಯಷ್ಟು ತೆಳು. ಹೋಗಿ ಬರುವ ದಾರಿ ಸೇರಿ 60 ಮೀಟರ್. ಆ ತೆಳು ತಂತಿಗೆ ಸುಮಾರು 5 ಓಮ್ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ತಂತಿ ಒಡ್ಡುವ ಅಡ್ಡಿ. ರಾತ್ರಿ 0.6 ಆಂಪಿಯರ್ ಹರಿದರೆ ಎರಡನ್ನೂ ಗುಣಿಸಿದಷ್ಟು, 3 ವೋಲ್ಟ್, ದಾರಿಯಲ್ಲೇ ಖರ್ಚು. ಕ್ಯಾಮೆರಾಗೆ ಸಿಗುವುದು 9. ಅದು ಸಾಲದೆ ಆಫ್ ಆಗುತ್ತದೆ. ಆಫ್ ಆದಾಗ ದೀಪ ಆರಿ, ವೋಲ್ಟೇಜ್ ಏರಿ, ಮತ್ತೆ ಆನ್ ಆಗುತ್ತದೆ. ಕತ್ತಲು ಕಂಡು ಮತ್ತೆ ದೀಪ ಹಚ್ಚುತ್ತದೆ. ಬೆಳಗಾಗುವ ತನಕ ಇದೇ.

ಮುಂಚೆ ಅಳೆದಾಗ 12 ತೋರಿಸಿತ್ತಲ್ಲ ಎಂದು ಕೇಳಿದೆ. ಕ್ಯಾಮೆರಾ ಬಿಚ್ಚಿ ಅಳೆದರೆ 12 ಬರಲೇಬೇಕು ಎಂದ. ಕರೆಂಟ್ ಹರಿಯದಿದ್ದರೆ ದಾರಿಯಲ್ಲಿ ಏನೂ ಇಳಿಯಲ್ಲ. ಜೋಡಣೆ ಹಾಗೇ ಇಟ್ಟು, ಕ್ಯಾಮೆರಾ ಓಡುತ್ತಿರುವಾಗ ಅಳೆದ. 10.8. ಅಂಗೈ ಅಡ್ಡ ಇಟ್ಟ ಕೂಡಲೇ ಅಂಕಿ ಸರ್ರನೆ 9ರ ಹತ್ತಿರಕ್ಕೆ ಇಳಿಯಿತು. ಅಣ್ಣ ಬಾಯಿ ಮುಚ್ಚಿಕೊಂಡು ಏಣಿ ಹಿಡಿದ.

ಅಮ್ಮನ ಕೋಣೆಯ ಪ್ಲಗ್ಗಿನಿಂದಲೇ ಕರೆಂಟ್ ಕೊಟ್ಟರೆ ಬೇಗ ಮುಗಿಯುತ್ತಿತ್ತು. ಹುಡುಗ ಬೇಡ ಎಂದ. ಯುಪಿಎಸ್ ಇರುವುದು ಡಿವಿಆರ್ ಹತ್ತಿರ. ಕರೆಂಟ್ ಹೋದರೆ ಹಿತ್ತಲ ಕ್ಯಾಮೆರಾ ಮಾತ್ರ ಆರಿಹೋಗುತ್ತಿತ್ತು. ಕಷ್ಟದ ದಾರಿಯನ್ನೇ ಹಿಡಿದ. 1 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದ. ಈಗ ಅಂಗೈ ಮುಚ್ಚಿದರೂ 11.4 ಇರುತ್ತದೆ. ಸಡಿಲವಾಗಿ ನೇತಾಡುತ್ತಿದ್ದ ಜಾಯಿಂಟನ್ನು ಡಬ್ಬಿಯೊಳಗೆ ಇಟ್ಟ. ಮಳೆನೀರು ತಂತಿ ಹಿಡಿದು ಒಳಗೆ ಬರದ ಹಾಗೆ, ಡಬ್ಬಿಗೆ ಹೋಗುವ ಮುಂಚೆ ತಂತಿಯನ್ನು ಕೆಳಗೆ ಇಳಿಸಿ ಮೇಲಕ್ಕೆ ತಿರುಗಿಸಿದ. ಸಜ್ಜೆಯ ಅಡಿಭಾಗ ಚಿತ್ರದ ಮೂಲೆಯಲ್ಲಿ ಬರುತ್ತಿತ್ತು. ಐಆರ್ ಬೆಳಕು ಅದಕ್ಕೆ ಬಡಿದು ರಾತ್ರಿ ಚಿತ್ರವೆಲ್ಲ ಬೆಳ್ಳಗಾಗುತ್ತದೆ ಎಂದು ಕ್ಯಾಮೆರಾವನ್ನು ಸ್ವಲ್ಪ ಬಗ್ಗಿಸಿದ. ಲೆನ್ಸಿನ ಮುಂದಿದ್ದ ಜೇಡರ ಬಲೆ ಒರೆಸಿದ. ಹೊಸದಾಗಿ ಹಾಕಿಸುವವರು ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟೂ ಹೋಗುವ ಪಿಒಇ ಹಾಕಿಸಿಕೊಳ್ಳುವುದು ಒಳ್ಳೆಯದು ಎಂದೂ ಹೇಳಿದ. ಅದರಲ್ಲಿ ಇರುವುದು ಸುಮಾರು 48 ವೋಲ್ಟ್. ನಾಲ್ಕು ಪಟ್ಟು ವೋಲ್ಟೇಜಾದರೆ ಅದೇ ಕೆಲಸಕ್ಕೆ ಕಾಲು ಭಾಗ ಕರೆಂಟ್ ಸಾಕು. ಉದ್ದ ತಂತಿಯಲ್ಲಿ ಇಳಿಯುವುದೂ ಅಷ್ಟೇ ಕಡಿಮೆ. ಕೇಬಲ್ 100 ಮೀಟರ್ ತನಕ ಎಳೆಯಬಹುದು.

ಅಂಗೈ ಮುಚ್ಚಿ ಹಗಲಲ್ಲೇ ರಾತ್ರಿ ಮಾಡಿದ ಆ ಹುಡುಗನ ಮೇಲೆ ನನಗೆ ತುಂಬಾ ಗೌರವ. ಮಲ್ಟಿಮೀಟರ್ ಹಿರಿಯರ ಹತ್ತಿರವೂ ಇತ್ತು. ಓಮ್ ಲೆಕ್ಕ ಅವರಿಗೆ ಗೊತ್ತಿಲ್ಲದ್ದೇನೂ ಅಲ್ಲ. ವ್ಯತ್ಯಾಸ ಇದ್ದಿದ್ದು ಮೊದಲ ಪ್ರಶ್ನೆಯಲ್ಲಿ. ಇವನು ತೊಂದರೆ ಕಂಡವರನ್ನು ಕೇಳಿದ. ಅವರು ತಮಗೆ ಅನುಕೂಲವಾದ ಹೊತ್ತಿನಲ್ಲಿ ನೋಡಿ, ಅದನ್ನೇ ಸತ್ಯ ಅಂದುಕೊಂಡರು.

ಇದು ಬರೀ ಕ್ಯಾಮೆರಾ ವಿಷಯ ಅಲ್ಲ ಅಲ್ವಾ? ಅಮ್ಮನಿಗೆ ಮಂಡಿ ನೋವು ಬರುವುದು ರಾತ್ರಿ. ಡಾಕ್ಟರ್ ನೋಡುವುದು ಬೆಳಿಗ್ಗೆ ಹನ್ನೊಂದಕ್ಕೆ. ಆಗ ಚೆನ್ನಾಗಿ ನಡೆದು ತೋರಿಸುತ್ತಾರೆ, "ಪರವಾಗಿಲ್ಲ ಬಿಡಿ" ಎನ್ನಿಸಿಕೊಂಡು ಬರುತ್ತಾರೆ. ಮಗು ಸ್ಕೂಲ್ ಬಸ್ಸಿನಲ್ಲಿ ಯಾರೋ ಹೊಡೆಯುತ್ತಾರೆ ಎನ್ನುತ್ತದೆ. ಟೀಚರ್ ಕ್ಲಾಸಿನಲ್ಲಿ ನೋಡಿ ಎಲ್ಲ ಸರಿ ಇದೆ ಎನ್ನುತ್ತಾರೆ. ಸೊಸೆಯ ಮುಂದೆ ಒಂದು ಥರ, ನೆಂಟರ ಮುಂದೆ ಇನ್ನೊಂದು ಥರ ಇರುವ ಮನೆಗಳಲ್ಲಿ ನೆಂಟರ ಮಾತೇ ಸಾಕ್ಷಿ ಆಗುತ್ತದೆ. ತೊಂದರೆ ಇರುವ ಹೊತ್ತಿಗೆ ಅಲ್ಲಿರುವುದು ಒಬ್ಬರೇ. ಉಳಿದವರೆಲ್ಲ ಬರುವುದು ಬೆಳಕಿನಲ್ಲಿ. ವಯಸ್ಸಾದವರ ಮಾತಾದರಂತೂ ಹಲ್ಲಿ ಎಂದು ತಳ್ಳಿಹಾಕುವುದು ಇನ್ನೂ ಸುಲಭ. ಅಮ್ಮ ಮೊದಲ ದಿನವೇ ಕೆಂಪು ಬೆಳಕು, ಸದ್ದು, ಹೊತ್ತು, ಎಲ್ಲ ಸರಿಯಾಗಿ ಹೇಳಿದ್ದರು. ಅದರಲ್ಲೇ ಪೂರ್ತಿ ಉತ್ತರ ಇತ್ತು.

ಡಿವಿಆರಿನಲ್ಲಿ ಚಿತ್ರ ಹೋದರೆ ಎಚ್ಚರಿಸುವ ಅಲಾರಂ ಇದೆ. ಆಫ್ ಮಾಡಿಟ್ಟಿದ್ದರು. ಹುಡುಗ ಆನ್ ಮಾಡಿ ಹೋದ. ನಿಮ್ಮಲ್ಲೂ ವಿಡಿಯೋ ಲಾಸ್ ಎನ್ನುವ ಆಯ್ಕೆ ಎಲ್ಲಿದೆ ಎಂದು ಹುಡುಕಿ ನೋಡಿ.

ಹಿರಿಯರಿಗೆ ಎಲ್ಲವನ್ನೂ ಬರೆದು ಕಳಿಸಿದ್ದೇನೆ, ಅಂಕಿಗಳ ಸಮೇತ. ಓದಿದ್ದಾರೆ, ಉತ್ತರ ಬಂದಿಲ್ಲ. ಅದೇ ತೆಳು ತಂತಿಯನ್ನು ನಮ್ಮ ಸಾಲಿನ ಇನ್ನೂ ಕೆಲವು ಮನೆಗಳಿಗೆ ಎಳೆದಿದ್ದಾರೆ ಎಂದು ಗೊತ್ತಿತ್ತು. ಅವರಿಗೂ ಹೋಗಿ ಹೇಳಿದೆ, ಇವತ್ತು ಕತ್ತಲಾದ ಮೇಲೆ ನೋಡಿ ಎಂದು. ಮೂಲೆಮನೆಯವರು ಅವತ್ತು ರಾತ್ರಿಯೇ ಫೋನ್ ಮಾಡಿದರು. ಅವರ ಗ್ಯಾರೇಜ್ ಹಿಂದಿನ ಕ್ಯಾಮೆರಾದ್ದೂ ಇದೇ ಕಥೆ. ಭಾನುವಾರ ಹುಡುಗ ಅಲ್ಲಿಗೆ ಹೋಗುತ್ತಿದ್ದಾನೆ.